ಕಳಸದಲ್ಲಿ ತೊಟ್ಟ ಬಳೆ

ನಮ್ಮ ಕಡೆ ಕಾಯಿಲೆ ಬಿದ್ದವರ ವಿಷಯದಲ್ಲಿ 'ಹೋದರು' ಅಂದರೆ ಅದಕ್ಕೆ ಎರಡು ಅರ್ಥವಿಲ್ಲ. ಎಲ್ಲಿಗೆ ಹೋದರು, ಯಾವ ಬಸ್ಸಿಗೆ ಹೋದರು ಅಂತ ಯಾರೂ ಕೇಳುವುದಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ, ಗಂಡಸರು ಮಣ್ಣಿಗೆ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ, ಅಷ್ಟೇ. ಆದರೆ ಆಸ್ಪತ್ರೆಯ ಒಳಗಿನ ಭಾಷೆ ಬೇರೆ. ಅಲ್ಲಿ ಸತ್ತವರು 'ಎಕ್ಸ್‌ಪೈರ್' ಆಗುತ್ತಾರೆ, ತಾರೀಖು ಮುಗಿದ ಔಷಧಿ ಬಾಟಲಿಯ ಹಾಗೆ. 'ಹೋದರು' ಅಂದರೆ ಅಲ್ಲಿ ಬರೀ ಹೋದರು: ಮನೆಗೋ, ಎಕ್ಸ್‌ರೇಗೋ, ಪಕ್ಕದ ವಾರ್ಡಿಗೋ. ಈ ಎರಡು ಭಾಷೆಗಳ ನಡುವೆ ಸಿಕ್ಕಿಬಿದ್ದವಳು ಸಂಸೆಯ ಕಲ್ಲಮ್ಮ.

ತೊಂಬತ್ತಾರನೇ ಇಸವಿಯ ಜನವರಿ. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಕಲ್ಲಮ್ಮನ ಗಂಡ ಜಯದೇವಪ್ಪ ಸಂಸೆಯ ರಸ್ತೆಬದಿಯಲ್ಲಿ ದಿನಸಿ ಅಂಗಡಿ ಇಟ್ಟವನು, ಹಿಂದುಗಡೆ ಒಂದಿಷ್ಟು ಕಾಫಿ ತೋಟ ಮಾಡಿದವನು. ಬೆಲ್ಲ ಕೊಳ್ಳಲು ಬಂದವರನ್ನು ನಗಿಸದೆ ಕಳಿಸುತ್ತಿರಲಿಲ್ಲ. ಅಂಥವನ ಎದೆ ಆ ಚಳಿಗಾಲದಲ್ಲಿ ಕೈಕೊಟ್ಟಿತು. ಕಾಲು ಬಾತುಕೊಂಡಿತು, ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಮೂಡಿಗೆರೆ ಹತ್ತಿರದ ಟ್ರಸ್ಟ್ ಆಸ್ಪತ್ರೆಗೆ ಸೇರಿಸಿದರು. ಮಕ್ಕಳಿಲ್ಲದ ಮನೆ. ಕಲ್ಲಮ್ಮನೇ ಅವನ ಮಂಚದ ಪಕ್ಕ ಚಾಪೆ ಹಾಸಿಕೊಂಡಳು.

ಊರಿನ ಮನೆಯಲ್ಲಿ ಉಳಿದವಳು ಜಯದೇವಪ್ಪನ ಅಕ್ಕ ರುದ್ರಾಣಿ ಒಬ್ಬಳೇ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು, ಮಂಡಿನೋವಿನವಳು. ಕಣದಲ್ಲಿ ಹರಡಿದ ಕಾಫಿಯನ್ನು ಕಾಲಾಡಿಸಿ ಒಣಗಿಸುವವರೂ ಇಲ್ಲ ಅಂತ ಅವಳಿಂದ ಸುದ್ದಿ ಬಂದಾಗ ಜಯದೇವಪ್ಪನೇ ಹೆಂಡತಿಯನ್ನು ಗದರಿಸಿ ಎಬ್ಬಿಸಿದ.

"ಹೋಗಿ ಕಾಫಿ ಒಂದು ದಡ ಹತ್ತಿಸಿ ಬಾ ಮಾರಾಯ್ತಿ. ನಾನೇನು ಓಡಿ ಹೋಗಲ್ಲ. ನಿನ್ನ ಬಳೆ ಗಲಾಟೇಲಿ ನಂಗೆ ನಿದ್ದೆಯೂ ಇಲ್ಲ."

ಬಳೆಯದು ಅವರಿಬ್ಬರ ಹಳೇ ತಕರಾರು. ಕಲ್ಲಮ್ಮ ಮೊಳಕೈವರೆಗೆ ಗಾಜಿನ ಬಳೆ ತೊಡುವ ಹೆಂಗಸು. ಅಂಗಡಿಯಲ್ಲಿ ತಲೆ ಬಗ್ಗಿಸಿ ತೂಗುತ್ತಿದ್ದರೂ ಅವಳು ಕಾಫಿ ಲೋಟ ಹಿಡಿದು ಬರುವುದು ಜಯದೇವಪ್ಪನಿಗೆ ಹಿತ್ತಲಿನಿಂದಲೇ ಗೊತ್ತಾಗುತ್ತಿತ್ತು. ಬೈಯುತ್ತಿದ್ದ ನಿಜ. ಒಂದು ದಿನ ಬಳೆ ಕಮ್ಮಿ ತೊಟ್ಟರೆ "ಎಂತ ಮೈಗೆ ಹುಷಾರಿಲ್ವ?" ಅಂತ ಕೇಳುವವನೂ ಅವನೇ.

ಕಲ್ಲಮ್ಮ ಊರಿಗೆ ಬಂದು ಎರಡನೇ ದಿನ ಇಳಿಹೊತ್ತು. ಕಣದ ಕಾಫಿಯನ್ನು ಗುಡ್ಡೆ ಮಾಡಿ ತಾಡಪಾಲು ಎಳೆಯುತ್ತಿದ್ದಳು. ಎದುರುಗಡೆ ಟೆಲಿಫೋನ್ ಬೂತ್ ಇಟ್ಟಿರುವ ಹಾಲೇಶ ಸಂಜೆ ಸಂಜೆ ಆಸ್ಪತ್ರೆಗೆ ಫೋನ್ ಹಚ್ಚಿ, "ಅಣ್ಣ ಹುಷಾರಂತೆ, ಗಂಜಿ ಕುಡಿದ್ರಂತೆ" ಅಂತ ರಸ್ತೆಯಾಚೆಯಿಂದಲೇ ಕೂಗಿ ಹೇಳುತ್ತಿದ್ದ. ಆವತ್ತು ಕೂಗಲಿಲ್ಲ. ರಸ್ತೆ ದಾಟಿ ಬಂದ, ಮೆಲ್ಲಗೆ ಬಂದ. ಅದರಲ್ಲೇ ಕಲ್ಲಮ್ಮನ ಕೈಯ ತಾಡಪಾಲು ಜಾರಿತು.

"ಎಂತ ಅಂದ್ರು ಹಾಲೇಶ?"

"ಅತ್ತಿಗೆ... ಅಣ್ಣ ಮಧ್ಯಾಹ್ನಾನೇ ಹೋದ್ರಂತೆ. ಅಷ್ಟು ಹೇಳೋದ್ರೊಳಗೆ ಲೈನ್ ಕಟ್ಟಾಯ್ತು."

ಕಲ್ಲಮ್ಮ ಅಲ್ಲೇ ಕೂತು ಕಣದ ಅಂಚಿನ ಕಲ್ಲಿಗೆ ಎರಡೂ ಕೈ ಎತ್ತಿ ಬಡಿದುಕೊಂಡಳು. ಒಂದು ಸಲವಲ್ಲ, ಬಳೆ ಪೂರಾ ಉದುರುವ ತನಕ. ಕೆಂಪು ಗಾಜಿನ ಚೂರು ಕಾಫಿ ಬೀಜದ ಮೇಲೆಲ್ಲ ಬಿತ್ತು, ಮಣಿಕಟ್ಟಿನಿಂದ ರಕ್ತ ಇಳಿಯಿತು. ರುದ್ರಾಣಿ ಮಂಡಿ ಎಳೆಯುತ್ತ ಬಂದು "ಅಯ್ಯೋ ನನ್ನ ತಮ್ಮಾ" ಅಂತ ಕೂಗಿ, ತನ್ನ ಸೆರಗಿನಿಂದಲೇ ಕಲ್ಲಮ್ಮನ ಹಣೆಯ ಕುಂಕುಮ ಉಜ್ಜಿ ತೆಗೆದಳು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅವಳ ಹಣೆಯದನ್ನೂ ಹಿಂದೊಂದು ದಿನ ಯಾರೋ ಹಾಗೇ ಒರೆಸಿದ್ದರು.

ಕೊನೇ ಬಸ್ಸು ಹೋಗಿಯಾಗಿತ್ತು. ಹಾಲೇಶ ಮತ್ತೆ ಮತ್ತೆ ನಂಬರು ತಿರುಗಿಸಿದ. ಸಂಸೆಯ ಲೈನು ಒಮ್ಮೆ ಸತ್ತರೆ ಅದಕ್ಕೆ ಜೀವ ಬರಲು ಮಾರನೇ ದಿನವೇ ಆಗಬೇಕು. ಬೆಳಗ್ಗೆ ಜೀಪು ಮಾಡಿಕೊಂಡು ಹೋಗಿ ದೇಹ ತರುವುದು ಅಂತ ಊರಿನವರು ತೀರ್ಮಾನಿಸಿದರು. ಮಣ್ಣು ಮಾಡಲು ತೋಟದ ತುದಿಯಲ್ಲಿ ಜಾಗ ನೋಡಿ ಬಂದರು, ಕಳಸದ ಕಡೆಯ ಅಯ್ನೋರಿಗೆ ಹೇಳಿಕಳಿಸಿದರು. ಕಲ್ಲಮ್ಮನಿಗೆ ಇದೊಂದೂ ತಲೆಗೆ ಹೋಗಲಿಲ್ಲ. "ಕಾಫಿಗೋಸ್ಕರ ಗಂಡನ್ನ ಬಿಟ್ಟು ಬಂದೆ, ಬೆಂಕಿ ಬೀಳ್ಲಿ ಈ ಕಾಫಿಗೆ" ಅಂತ ಒಂದೇ ಮಾತು ಹೇಳಿಕೊಂಡು ಅತ್ತಳು. ಹೆಣ್ಣೊಬ್ಬಳ ಒಡಲಲ್ಲಿ ಗಂಡನಿಗೆ ಅಂತ ಎಷ್ಟು ಅಳು ಇರುತ್ತದೋ ಅಷ್ಟನ್ನೂ ಆ ರಾತ್ರಿಯೇ ಅತ್ತು ಮುಗಿಸಿದಳು. ಬೆಳಗಾದಾಗ ಬರೀ ಬಿಕ್ಕಳಿಕೆ ಉಳಿದಿತ್ತು.

ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ, ಆಸ್ಪತ್ರೆಯ ಜೀಪು ಬಂದು ಅಂಗಡಿಯ ಮುಂದೆ ನಿಂತಿತು. ಅವರೇ ತಂದುಬಿಟ್ಟರು ಅಂತ ಜನ ಎದ್ದು ನಿಂತರು. ಹೆಂಗಸರು ಗೊಳೋ ಅಂದರು. ಜೀಪಿನಿಂದ ಇಳಿದವರು ಮಾತ್ರ ಒಬ್ಬರೇ: ಬಿಳಿ ಸೀರೆಯ, ದಪ್ಪ ಕನ್ನಡಕದ ಸುಶೀಲಾ ಸಿಸ್ಟರ್.

ಅವರು ಆ ಆಸ್ಪತ್ರೆಯ ಸಿಸ್ಟರುಗಳಿಗೆಲ್ಲ ಮೇಲಿನವರು. ರೋಗಿಗಳ ಬಾಯಲ್ಲಿ ದೊಡ್ಡ ಸಿಸ್ಟರ್. ಬಾಳೆಹೊಳೆ ಕಡೆಯ ಪುರೋಹಿತರ ಮನೆ ಮಗಳು. ಅವರು ವಾರ್ಡಿಗೆ ಕಾಲಿಟ್ಟರೆ ಡಾಕ್ಟರುಗಳೂ ದನಿ ತಗ್ಗಿಸುತ್ತಿದ್ದರು. ಜನವರಿಯ ಚಳಿಯಲ್ಲಿ ಮಲಗಿದವರ ಕೆಳಗೆ ಇಡುವ ತಗಡಿನ ಪಾತ್ರೆಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿಯೇ ಇಡಬೇಕು ಅನ್ನುವುದು ಅವರ ಕಟ್ಟಪ್ಪಣೆ; ತಪ್ಪಿದ ಆಯಾಗೆ "ನೀನೇ ಒಂದು ಸಲ ಕೂತು ನೋಡು" ಅಂದಿದ್ದನ್ನು ಕಲ್ಲಮ್ಮ ಕಿವಿಯಾರೆ ಕೇಳಿದ್ದಳು. ಕೈಕೆಳಗಿನ ಸಿಸ್ಟರುಗಳನ್ನು ಬೈಯಬೇಕಾದರೆ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿ ಬೈಯುವವರು. ರೋಗಿಗಳ ಎದುರು ಒಬ್ಬರ ಮಾನವನ್ನೂ ತೆಗೆದವರಲ್ಲ.

ಅಂಥವರು ಜನರ ನಡುವೆ ದಾರಿ ಮಾಡಿಕೊಂಡು ನೇರ ಕಲ್ಲಮ್ಮನ ಎದುರು ಬಂದು ನೆಲದ ಮೇಲೇ ಕೂತರು.

"ಕಲ್ಲಮ್ಮ, ಇಲ್ಲಿ ನೋಡಿ. ಜಯದೇವಪ್ಪನವ್ರು ಇದ್ದಾರೆ. ಬದುಕಿದ್ದಾರೆ. ಮೇಲಿನ ಆಕ್ಸಿಜನ್ ಕೋಣೆಗೆ ಹಾಕಿದ್ದೀವಿ. ಕೆಳಗಿನ ವಾರ್ಡಿಂದ ಹೋದ್ರು ಅಂತ ಫೋನಲ್ಲಿ ಹೇಳಿದ್ದು, ಅಷ್ಟೇ."

ಕಲ್ಲಮ್ಮ ಸಿಸ್ಟರ್ ಮುಖವನ್ನೇ ನೋಡಿದಳು, ತನ್ನ ಬೋಳು ಕೈ ನೋಡಿದಳು. ಆಮೇಲೆ ಎದ್ದು ಅವರ ಹೆಗಲು ಹಿಡಿದು ಅಲುಗಿಸಿದಳು.

"ಯಾವಳ್ರೀ ಅವಳು? ಯಾವಳು ಹೇಳಿದ್ದು? ಅವಳ ನಾಲಿಗೆ ಸೇದಿಹೋಗ! ಅವಳ ವಂಶ ನಿರ್ವಂಶ ಆಗ! ನೋಡ್ರೀ ನನ್ನ ಕೈಯ!"

"ನಾನೇ" ಅಂದರು ಸುಶೀಲಾ ಸಿಸ್ಟರ್. "ಫೋನ್ ಎತ್ತಿದ್ದು ನಾನೇ. ಬೈಯಿರಿ, ತಪ್ಪಿಲ್ಲ. ಆದ್ರೆ ಬೇಗ ಬೈದು ಮುಗಿಸಿ ಜೀಪು ಹತ್ತಿ."

ಹಾಲೇಶ ಮಧ್ಯೆ ಬಾಯಿ ಹಾಕಿದ. "ಅಲ್ಲ ಸಿಸ್ಟರೇ, ಅದು ಯಾವುದೋ ಸಣ್ಣ ಹುಡುಗಿ ದನಿ..." ಸಿಸ್ಟರ್ ಅವನತ್ತ ಒಂದು ಸಲ ತಿರುಗಿ ನೋಡಿದರು. ಹಾಲೇಶ ಉಳಿದ ಮಾತನ್ನು ನುಂಗಿಕೊಂಡ.

ಕಲ್ಲಮ್ಮ ನಕ್ಕಳು, ಅತ್ತಳು, ಮತ್ತೆ ಬೈದಳು. ಅವಳ ಕೈಯ ಗಾಯಕ್ಕೆ ಔಷಧಿ ಹಚ್ಚಲು ಒಳಗೆ ಕರೆದುಕೊಂಡು ಹೋದಾಗ ಸಿಸ್ಟರ್ ಗಾಜಿನ ಚೂರೊಂದನ್ನು ಇಕ್ಕಳದಿಂದ ತೆಗೆಯುತ್ತ ತಲೆ ತಗ್ಗಿಸಿಯೇ ಹೇಳಿದರು.

"ಇನ್ನೊಂದು ಮಾತಿದೆ. ಆಮೇಲೆ ಹೇಳಿದ್ರೆ ಮೋಸ ಆಗುತ್ತೆ. ಎದೆ ಪೂರಾ ಸೋತಿದೆ ಕಲ್ಲಮ್ಮ. ಡಾಕ್ಟ್ರು ಮಾಡೋದೆಲ್ಲ ಮಾಡಿಯಾಯ್ತು. ಹೆಚ್ಚು ದಿನ ಇಲ್ಲ. ನಿನ್ನೆಯಿಂದ ನೀವು ಬಂದ್ರಾ ಅಂತ ಕೇಳ್ತಿದ್ದಾರೆ. ಇಲ್ಲಿ ಆದದ್ದು ಅವ್ರಿಗೆ ಗೊತ್ತಾಗ್ಬಾರ್ದು, ಆ ಎದೆ ಅದನ್ನ ತಡೆಯಲ್ಲ. ನೀವು ಹೆಂಗೆ ಹೋಗಿದ್ರೋ ಹಂಗೇ ಬರ್ಬೇಕು."

ಬದುಕಿದ್ದಾನೆ ಅಂತಲೂ ಹೇಳಿ, ಉಳಿಯುವುದಿಲ್ಲ ಅಂತಲೂ ಹೇಳಿ, ಆ ಪುಣ್ಯಾತ್ಗಿತ್ತಿ ಅವಳ ಕೈ ಬಿಡದೆ ಪಟ್ಟಿ ಕಟ್ಟಿದರು. ಬಳೆ ದಾಟುವಷ್ಟು ತೆಳ್ಳಗೆ ಕಟ್ಟಿದರು.

ಕಲ್ಲಮ್ಮ ಹೊರಡಲು ಎದ್ದಳು. ರುದ್ರಾಣಿ ಹೊಸ್ತಿಲಿಗೆ ಅಡ್ಡ ನಿಂತಳು.

"ಹೆಂಗೆ ಹೋಗ್ತೀಯ? ಒಡೆದ ಕೈ, ಅಳಿಸಿದ ಹಣೆ. ಈ ಮುಖ ತೋರಿಸಿ ಅವನನ್ನ ಕೈಯಾರೆ ಕಳಿಸ್ತೀಯ? ಅಯ್ನೋರು ಬಂದು ಶಾಂತಿ ಮಾಡ್ಲಿ, ಆಮೇಲೆ ಬಳೆ ತೊಟ್ಕೊಂಡು ಹೋಗು. ನಾಳೆ ಹೊತ್ತು ನೋಡಿ ಮಾಡ್ತಾರೆ."

"ನಾಳೆ ಅವ್ರು ಇರ್ಬೇಕಲ್ಲ ಅಕ್ಕ!"

"ಇರ್ಲಿ ಅಂತಲೇ ಹೇಳ್ತಿರೋದು!"

ಇಬ್ಬರೂ ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ಶಾಸ್ತ್ರ ಸುಳ್ಳು ಅನ್ನಲಿಲ್ಲ, ಭಾಷಣ ಬಿಗಿಯಲಿಲ್ಲ. "ರುದ್ರಾಣಮ್ಮ, ತಪ್ಪು ಆಸ್ಪತ್ರೆದು. ಕೇಡು ಅಂತ ಇದ್ರೆ ಅದು ನನ್ನ ತಲೆ ಮೇಲಿರ್ಲಿ. ನಿಮ್ಮ ದೇವರ ಮುಂದೆ ಹಂಗೇ ಹೇಳಿ ದೀಪ ಹಚ್ಚಿ. ಇವ್ರನ್ನ ಕಳಿಸ್ಕೊಡಿ" ಅಂದರು. ರುದ್ರಾಣಿ ಗೊಣಗುತ್ತ ಹೊಸ್ತಿಲು ಬಿಟ್ಟಳು.

ಕಳಸದ ಪೇಟೆಯಲ್ಲಿ ಬಳೆ ಅಂಗಡಿಯ ಮುಂದೆ ಜೀಪು ನಿಂತಿತು. ಅಂಗಡಿಯ ರಂಗಮ್ಮ ಆಗಷ್ಟೇ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದಳು. ಕಲ್ಲಮ್ಮ ಮಣೆಯ ಮೇಲೆ ಕೂತು ಕೈ ಚಾಚಿದಳು. ಪಟ್ಟಿ ಕಟ್ಟಿದ ಮಣಿಕಟ್ಟು, ಒರೆಸಿದ ಹಣೆ, ಊದಿದ ಕಣ್ಣು. ಇಷ್ಟು ಕಾಲ ಹೆಂಗಸರ ಕೈ ಹಿಡಿದು ಬದುಕಿದವಳಿಗೆ ಅದು ತಿಳಿಯುವುದಿಲ್ಲವೇ?

"ಇದೆಂತ ತಾಯಿ ಈ ಕೈ?"

ಕಲ್ಲಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರಂಗಮ್ಮ ಕೈಗೆತ್ತಿಕೊಂಡ, ದಾರಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಮೆಲ್ಲಗೆ ಹಿಂದಕ್ಕೆ ಇಟ್ಟಳು.

"ಬೇಜಾರಾಗ್ಬೇಡಿ. ಹಂಗೆ ಒಡೆದ ಕೈಗೆ ಶಾಂತಿ ಆಗ್ದೆ ನಾವು ಬಳೆ ಇಡಲ್ಲ. ನಂಗೂ ಹೆಣ್ಣುಮಕ್ಕಳಿದ್ದಾರೆ."

ಕಲ್ಲಮ್ಮ ಅಂಗಡಿಯಿಂದ ಹೊರಗೆ ಬಂದಳು. ಸುಶೀಲಾ ಸಿಸ್ಟರ್ ರಸ್ತೆಯಾಚೆ ಜೀಪಿಗೆ ಒರಗಿ ನಿಂತಿದ್ದರು.

"ನೀವೇ ಒಂದು ಮಾತು ಹೇಳಿ ಬನ್ನಿ ಸಿಸ್ಟರೇ. ಅಲ್ಲಿ ಯಾಕೆ ನಿಂತಿದ್ದೀರಿ?"

"ನಾನು ಬಳೆ ಅಂಗಡಿ ಮೆಟ್ಟಿಲು ಹತ್ತಲ್ಲ ಕಲ್ಲಮ್ಮ. ಬೆಳಗಿನ ಹೊತ್ತು, ಅವ್ರ ಮನಸ್ಸಿಗೆ ಕಸಿವಿಸಿ ಆಗುತ್ತೆ."

ಇಷ್ಟು ದಿನ ವಾರ್ಡಿನಲ್ಲಿ ಕಂಡ ಬೋಳು ಹಣೆ, ಬೋಳು ಕೈ. ಆದರೂ ಕಲ್ಲಮ್ಮನಿಗೆ ಹೊಳೆದದ್ದು ಆಗಲೇ. "ಡ್ಯೂಟಿ ಅಂತ ಹಾಕಲ್ಲ ಅಂದ್ಕೊಂಡಿದ್ದೆ" ಅಂದಳು ತೊದಲುತ್ತ.

"ಡ್ಯೂಟಿ ಆಮೇಲೆ ಬಂತು" ಅಂದರು ಸಿಸ್ಟರ್. "ಹತ್ತೊಂಬತ್ತಕ್ಕೆ ಬಳೆ ಹೋಯ್ತು. ಅಪ್ಪಯ್ಯನಿಗೆ ನನ್ನ ಮುಖ ನೋಡೋಕಾಗ್ಲಿಲ್ಲ, ಟ್ರೈನಿಂಗಿಗೆ ಸೇರಿಸಿದ್ರು."

ಅಷ್ಟು ಹೇಳಿ ಅವರು ರಸ್ತೆಯ ಅರ್ಧದವರೆಗೆ ಬಂದರು. ಅಲ್ಲಿಂದಲೇ ದನಿ ಎತ್ತಿದರು. ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ ಅದು.

"ರಂಗಮ್ಮ, ಇವ್ರ ಯಜಮಾನ್ರು ಬದುಕಿದ್ದಾರೆ. ನನ್ನ ಆಸ್ಪತ್ರೆಯಲ್ಲೇ ಇದ್ದಾರೆ. ಹೆಂಡ್ತಿ ಬಂದದ್ದು ಆ ಮನುಷ್ಯನಿಗೆ ಗೊತ್ತಾಗೋದು ಬಳೆ ಸದ್ದಿಂದ. ಗಂಡ ಇರೋ ಮುತ್ತೈದೆಗೆ ಬಳೆ ಇಲ್ಲ ಅಂತ ಕಳಿಸ್ತೀರಾ? ಆ ಶಾಂತಿ ಯಾರು ಮಾಡ್ಬೇಕು?"

ಪೇಟೆಯವರು ತಿರುಗಿ ನೋಡಿದರು. ರಂಗಮ್ಮ ಕಣ್ಣೊರೆಸಿಕೊಂಡು "ಬಾ ತಾಯಿ, ಕೂತ್ಕೋ" ಅಂದಳು. ಗಾಯಕ್ಕೆ ನೋವಾಗದ ಹಾಗೆ ಬೆರಳು ಮಡಿಸಿ, ಒಂದೊಂದಾಗಿ ಹಸಿರು ಬಳೆ ಏರಿಸಿದಳು. ಕೊನೆಗೆ ತನ್ನ ಭರಣಿಯಿಂದ ಕುಂಕುಮ ತೆಗೆದು ತಾನೇ ಇಟ್ಟಳು. ಕಲ್ಲಮ್ಮನಿಗೆ ಮದುವೆಯ ದಿನವೂ ಬಳೆ ತೊಡುವಾಗ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

ಕೊಟ್ಟಿಗೆಹಾರ ದಾಟುವವರೆಗೂ ಅವಳು ಒಂದೇ ಜಪ ಮಾಡಿದಳು: ಇರ್ಲಿ ಶಿವನೇ, ನಾನು ಹೋಗೋ ತನಕ ಇರ್ಲಿ.

ಇದ್ದ. ಮೇಲಿನ ಕೋಣೆಯ ಬಾಗಿಲಲ್ಲಿ ಕಲ್ಲಮ್ಮ ಬೇಕೆಂದೇ ಕೈ ಜಾಡಿಸಿದಳು. ಮೂಗಿಗೆ ನಳಿಗೆ ಹಾಕಿಕೊಂಡು, ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದವನು ಕಣ್ಣು ತೆರೆಯದೆಯೇ ಹೇಳಿದ.

"ಬಂತು ನೋಡಿ, ಸಂಸೆ ಬಸ್ಸು."

ಕಲ್ಲಮ್ಮ ಹತ್ತಿರ ಹೋಗಿ ಅವನ ಬಾತ ಕಾಲಿನ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಜಯದೇವಪ್ಪ ಅವಳ ಕೈ ನೋಡಿದ.

"ಕೆಂಪಿತ್ತಲ್ಲೇ? ಹಸಿರು ಯಾವಾಗ ಆಯ್ತು?"

"ಕಳಸದಲ್ಲಿ ತೊಟ್ಟೆ."

"ಗಂಡ ಮಂಚ ಹಿಡಿದಿದ್ದಾನೆ, ಇವಳಿಗೆ ಬಳೆ ಶೋಕಿ. ಈ ಪಟ್ಟಿ ಎಂತದು?"

"ಕಣದಲ್ಲಿ ಜಾರಿ ಬಿದ್ದೆ. ಗಾಜು ತಾಗ್ತು."

"ನೋಡಿ ನಡೀಬಾರ್ದ ಮಾರಾಯ್ತಿ" ಅಂತ ಅವನು ಆ ಪಟ್ಟಿಯ ಮೇಲೆ ಬೆರಳಾಡಿಸಿದ. ಕಲ್ಲಮ್ಮ ಕಿಟಕಿಯತ್ತ ಮುಖ ಮಾಡಿದಳು.

ಅವನನ್ನು ನೋಡಿಕೊಳ್ಳುತ್ತಿದ್ದದ್ದು ಪಂಚಮಿ ಅಂತ ಒಬ್ಬಳು ಹೊಸ ನರ್ಸು. ಬಾಯಿ ತೆರೆದು ಮಾತಾಡದ ಹುಡುಗಿ. ಗಂಜಿಯನ್ನು ಊದಿ ಆರಿಸಿ ಚಮಚದಲ್ಲಿ ಕೊಡುತ್ತಿದ್ದಳು, ಬೆನ್ನಿಗೆ ಪೌಡರು ಹಾಕಿ ತಿಕ್ಕುತ್ತಿದ್ದಳು. ಮಾರನೇ ದಿನ ಹಾಲೇಶ ನೋಡಲು ಬಂದಾಗ ಅವಳು "ಸ್ವಲ್ಪ ಆಚೆ ಇರಿ ಅಣ್ಣ, ಶೀಟು ಬದಲಾಯಿಸ್ಬೇಕು" ಅಂದಳು. ಹಾಲೇಶ ಬೆಚ್ಚಿ ಕಲ್ಲಮ್ಮನ ಮುಖ ನೋಡಿದ. ಅವನಿಗೆ ದನಿಯ ಗುರುತು ಸಿಕ್ಕಿತು, ಕಲ್ಲಮ್ಮನಿಗೆ ಅವನ ಮುಖದಲ್ಲಿ ಅದು ಸಿಕ್ಕಿತು.

ವರಾಂಡದಲ್ಲಿ ಕಲ್ಲಮ್ಮ ಅವಳ ರಟ್ಟೆ ಹಿಡಿದಳು. ಕೇಳುವ ಮುಂಚೆಯೇ ಹುಡುಗಿ ಅಳತೊಡಗಿದಳು.

"ನಾನೇ ಅಮ್ಮಾ. ಕೈಯಲ್ಲಿ ಟ್ರೇ ಇತ್ತು, ಅವಸರದಲ್ಲಿ ಅಂದ್ಬಿಟ್ಟೆ. ಆ ಕಡೆ ಅವ್ರು ಅಯ್ಯೋ ಅಂದಿದ್ದು ಕೇಳಿದ ಮೇಲೇ ಗೊತ್ತಾಗಿದ್ದು. ಮತ್ತೆ ಲೈನೇ ಸಿಗ್ಲಿಲ್ಲ. ಕೆಲಸ ಬಿಟ್ಟು ಮನೆಗೆ ಹೋಗ್ತೀನಿ ಅಂತ ಚೀಲ ಕಟ್ಟಿದ್ದೆ. ಸಿಸ್ಟರ್ ಬಿಡ್ಲಿಲ್ಲ. ಬೈದು ಬೈದು, ಆಮೇಲೆ, 'ಹೋದ್ರೆ ನಿನಗೆ ಮಾತ್ರ ಸಮಾಧಾನ, ಅವ್ರಿಗೇನು ಬಂತು? ಜಯದೇವಪ್ಪನವ್ರನ್ನ ಇನ್ನು ನೀನೇ ನೋಡ್ಕೋಬೇಕು' ಅಂದ್ರು. ಅಲ್ಲಿ ಬೈಸ್ಕೊಳ್ಳೋದು ನಾನು ಬೈಸ್ಕೋತೀನಿ ಅಂದ್ರು."

ಸಂಸೆಯ ಅಂಗಳದಲ್ಲಿ ತಾನು ಹಾಕಿದ ಶಾಪವೆಲ್ಲ ಕಲ್ಲಮ್ಮನಿಗೆ ನೆನಪಾಯಿತು. ನಾಲಿಗೆ ಸೇದಿಹೋಗಲಿ ಅಂದದ್ದು, ವಂಶಕ್ಕೆ ಅಂದದ್ದು. ಎಲ್ಲವನ್ನೂ ಆ ಹೆಂಗಸು ಈ ಹುಡುಗಿಗೆ ತಾಗದ ಹಾಗೆ ಮೈಮೇಲೆ ಹಾಕಿಕೊಂಡಿದ್ದರು. ಹೊಡೆಯಲು ಎತ್ತಿದ ಕೈ ಏನು ಮಾಡಬೇಕೆಂದು ತಿಳಿಯದೆ ಹುಡುಗಿಯ ಕೆನ್ನೆ ಒರೆಸಿತು.

"ಕೇಳೇ ಇಲ್ಲಿ. ಇನ್ನು ಯಾರ ಮನೆಯಿಂದ ಫೋನ್ ಬಂದ್ರೂ, ಜೀವ ಇದ್ರೆ ಮೊದ್ಲು 'ಇದ್ದಾರೆ' ಅನ್ನು. ಉಸಿರು ತಗೊಂಡು ಆಮೇಲೆ ಎಲ್ಲಿದ್ದಾರೆ, ಹೆಂಗಿದ್ದಾರೆ ಹೇಳು. ಗೊತ್ತಾಯ್ತ?"

ಅದು ಸುಶೀಲಾ ಸಿಸ್ಟರ್ ಕಿವಿಗೂ ಬಿತ್ತು. ಅವರು ಎಲ್ಲ ಸಿಸ್ಟರುಗಳನ್ನೂ ಸೇರಿಸಿ, "ಇನ್ಮೇಲೆ ನಮ್ಮಲ್ಲಿ ಹಂಗೇ" ಅಂದರು. ಆವತ್ತಿನಿಂದ ಆ ಆಸ್ಪತ್ರೆಯ ಫೋನಿನಲ್ಲಿ 'ಇದ್ದಾರೆ' ಅನ್ನುವುದೇ ಮೊದಲ ಮಾತಾಯಿತು.

ಮಧ್ಯಾಹ್ನ ಜಯದೇವಪ್ಪನಿಗೆ ಸ್ವಲ್ಪ ಗೆಲುವಾಗಿತ್ತು. ಹೆಂಡತಿಯನ್ನು ಹತ್ತಿರ ಕರೆದು ಗುಟ್ಟು ಹೇಳುವವನಂತೆ ಹೇಳಿದ.

"ನಿಂಗೊಂದು ವಿಷಯ ಗೊತ್ತಾ? ನಿನ್ನೆ ಬೆಳಗ್ಗೆ ದೊಡ್ಡ ಸಿಸ್ಟರಿಗೆ ಚಿಕ್ಕಮಗಳೂರಲ್ಲಿ ಸನ್ಮಾನ ಇತ್ತಂತೆ. ಜಿಲ್ಲೆಗೇ ಒಳ್ಳೆ ನರ್ಸು ಅಂತ. ಶಾಲು, ಹಾರ, ದೊಡ್ಡ ದೊಡ್ಡವ್ರೆಲ್ಲ ಬರೋದಿತ್ತು. ಕರ್ಕೊಂಡು ಹೋಗೋಕೆ ಜೀಪೂ ರೆಡಿ ಮಾಡಿಟ್ಟಿದ್ರಂತೆ. ಇವ್ರು ಹತ್ತಿದವ್ರು ಅದೇ ಜೀಪಲ್ಲಿ ಬೇರೆ ಯಾವ ಕಡೆಗೋ ಹೋದ್ರಂತೆ. ಎಲ್ಲಿಗೆ ಅಂತ ಯಾರೂ ಬಾಯಿ ಬಿಡಲ್ಲ. ಎಂಥಾ ಜನ ನೋಡು, ತಮಗೆ ಬಂದ ಮರ್ಯಾದೆ ಬಿಟ್ಟು ಎಂತ ಕೆಲಸ ಇತ್ತೋ!"

ಎಲ್ಲಿಗೆ ಅಂತ ಗೊತ್ತಿದ್ದವಳು ಕಲ್ಲಮ್ಮ, ಹೇಳಬಾರದವಳೂ ಅವಳೇ. ಸಂಸಾರದಲ್ಲಿ ಗಂಡನಿಂದ ಮುಚ್ಚಿಟ್ಟದ್ದು ಅವಳಿಗೆ ಅದೊಂದೇ.

"ಏನೋ ದೊಡ್ಡ ಕೆಲಸವೇ ಇದ್ದಿರ್ಬೇಕು" ಅಂದಳು.

"ಹಂಗಾದ್ರೆ ಒಂದು ಮಾಡು. ನಮ್ಮ ಅಂಗಡಿ ಕಪಾಟಲ್ಲಿ ಯಾರೋ ನಂಗೆ ಹೊದಿಸಿದ ಶಾಲು ಇದೆ. ಹಾಲೇಶನ ಕೈಲಿ ತರಿಸು. ಚಿಕ್ಕಮಗಳೂರವ್ರು ಹೊದಿಸದಿದ್ರೆ ಸಂಸೆಯವ್ರು ಹೊದಿಸ್ತೀವಿ."

ಶಾಲು ಬಂತು. ಕರ್ಪೂರದ ಗುಳಿಗೆಯ ವಾಸನೆ ಹೊಡೆಯುವ ಮಾಸಲು ಶಾಲು. ಮಾರನೇ ಬೆಳಗ್ಗೆ ಸಿಸ್ಟರ್ ಬಂದಾಗ ಜಯದೇವಪ್ಪ "ಸಿಸ್ಟರೇ, ಸ್ವಲ್ಪ ಬಗ್ಗಿ" ಅಂದ. ಅವರು ಅವನಿಗೆ ಏನೋ ನೋವೆಂದು ಬಗ್ಗಿದರು. ಅವನು ನಡುಗುವ ಎರಡೂ ಕೈಯಿಂದ ಶಾಲು ಹೆಗಲಿಗೆ ಹಾಕಿದ. ಅರ್ಧ ಜಾರಿತು, ಪಂಚಮಿ ಸರಿಪಡಿಸಿದಳು.

"ಭಾಷಣ ಮಾಡೋಕೆ ಉಸಿರಿಲ್ಲ" ಅಂದ ಜಯದೇವಪ್ಪ, ಏದುಸಿರಿನ ನಡುವೆ. "ನೀವು ನಮಗೆ ಎಂತೆಂತ ಮಾಡಿದ್ದೀರೋ ನಂಗೆ ಪೂರ್ತಿ ಗೊತ್ತಿಲ್ಲ. ಆದ್ರೂ ಹೊದಿಸಿದ್ದೀನಿ. ಸಾಮಾನು ತೂಗಿ ಜೀವನ ಮಾಡಿದವ್ನು ನಾನು. ಮನುಷ್ಯರ ತೂಕ ಸ್ವಲ್ಪ ಗೊತ್ತಾಗುತ್ತೆ."

ಪಕ್ಕದ ಮಂಚದವರು ಚಪ್ಪಾಳೆ ಹೊಡೆದರು. ಸುಶೀಲಾ ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಏನೂ ಕಾಣದವರಂತೆ ಮತ್ತೆ ತೆಗೆದರು. ಕಲ್ಲಮ್ಮ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಡಿದೆತ್ತಿ "ಬೇಡ, ಅವ್ರು ನೋಡ್ತಿದ್ದಾರೆ, ಅನುಮಾನ ಬರುತ್ತೆ" ಅಂತ ಕಿವಿಯಲ್ಲಿ ಹೇಳಿದರು.

ಮರುದಿನ ಬಿಸಿಲೇರಿದ ಹೊತ್ತಿನಲ್ಲಿ ಜಯದೇವಪ್ಪ ಹೊರಟ. ಕಷ್ಟಪಡಲಿಲ್ಲ. ಕಿಟಕಿ ತೆಗಿ ಅಂದ, ಕಲ್ಲಮ್ಮ ತೆಗೆದಳು, ತಿರುಗುವಷ್ಟರಲ್ಲಿ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಸುಶೀಲಾ ಸಿಸ್ಟರ್ ನಾಡಿ ಹಿಡಿದು ನೋಡಿ ಅವನ ಕಣ್ಣು ಮುಚ್ಚಿಸಿದರು. 'ಎಕ್ಸ್‌ಪೈರ್' ಅನ್ನಲಿಲ್ಲ. "ಕಲ್ಲಮ್ಮ, ಹೋದ್ರು" ಅಂದರು. ಈ ಸಲ ಮಾತು ಸರಿಯಾಗಿತ್ತು.

ಕಲ್ಲಮ್ಮನಿಗೆ ಅಳು ಬರಲಿಲ್ಲ. ಬರಲಿ ಅಂತ ಕಾದಳು, ಎದೆ ಒಣ ಬಾವಿಯಾಗಿತ್ತು. ಬದುಕಿದ್ದವನಿಗಾಗಿ ಎಲ್ಲ ಅತ್ತು, ಸತ್ತವನಿಗೆ ಒಂದು ಹನಿ ಉಳಿಸಿಕೊಂಡಿರಲಿಲ್ಲ. ಅಕ್ಕಪಕ್ಕದ ಮಂಚದ ಹೆಂಗಸರು ಮುಖ ಮುಖ ನೋಡಿಕೊಂಡರು. ಕಣ್ಣಲ್ಲಿ ನೀರೇ ಇಲ್ಲವಲ್ಲ ಅಂತ ಒಬ್ಬಳು ಪಿಸುಗುಟ್ಟಿದ್ದೂ ಅವಳಿಗೆ ಕೇಳಿಸಿತು.

ಸಿಸ್ಟರ್ ಅವಳನ್ನು ಬಟ್ಟೆ ಮಡಿಸಿಡುವ ಸಣ್ಣ ಕೋಣೆಗೆ ಕರೆದೊಯ್ದರು. ಬೇಸಿನ್ನಿನಲ್ಲಿ ಉಗುರುಬೆಚ್ಚನೆ ನೀರು, ಸೋಪು ತರಿಸಿದರು.

"ಊರಿಂದ ಬರ್ತಾ ಇದ್ದಾರೆ. ಬಂದವ್ರು ಒಡೆಸ್ತಾರೆ. ಕೈಯ ಗಾಯ ಇನ್ನೂ ಹಸಿ ಇದೆ. ಆಪರೇಷನ್ನಿಗೆ ಹೋಗೋರ ಕೈಯಿಂದ ನಾವು ಸೋಪು ಹಚ್ಚಿ ಬಳೆ ಜಾರಿಸ್ತೀವಿ, ಒಂದೂ ಒಡೆಯಲ್ಲ. ಬೇಕು ಅಂದ್ರೆ ಮಾತ್ರ ತೆಗೀತೀನಿ. ಬೇಡ ಅಂದ್ರೆ ಬಿಡ್ತೀನಿ."

ಕಲ್ಲಮ್ಮ ಕೈ ಮುಂದಕ್ಕೆ ಚಾಚಿದಳು. ಸಿಸ್ಟರ್ ಅವಳ ಬೆರಳುಗಳನ್ನು ಒತ್ತಾಗಿ ಹಿಡಿದು, ನೊರೆ ಹಚ್ಚಿ, ಒಂದೊಂದೇ ಬಳೆಯನ್ನು ಜಾರಿಸಿದರು. ನೀರಿನಲ್ಲಿ ಅವು ಸದ್ದಿಲ್ಲದೆ ಕೂತವು. ಕೊನೆಯ ಬಳೆ ಬರುವಾಗ ಸಿಸ್ಟರ್, "ನನ್ನ ಕೈಯದನ್ನ ಕಲ್ಲಲ್ಲಿ ಒಡೆದ್ರು" ಅಂದರು, ಯಾರಿಗೋ ಅಂದ ಹಾಗೆ. ಕಲ್ಲಮ್ಮ ನೊರೆಗೈಯಲ್ಲೇ ಅವರ ಕೈ ಹಿಡಿದುಕೊಂಡಳು. ಬಳೆಯನ್ನು ಒರೆಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ರುದ್ರಾಣಿಯೂ ಊರಿನ ಹೆಂಗಸರೂ ಬಂದರು. ತಮ್ಮನ ಮುಖ ನೋಡಿ ಕೂಗಿ ಅತ್ತು, ರುದ್ರಾಣಿ ಕಲ್ಲಮ್ಮನ ಕೈ ಎಳೆದು ನೋಡಿದಳು.

"ಬಳೆ ಎಲ್ಲಿ?"

"ತೆಗೆದೆ."

"ತೆಗೆಯೋದಾ? ಯಾರಾದ್ರೂ ತೆಗೀತಾರ? ಒಡೀಬೇಕು. ಒಡೀದೆ ದೇಹ ಎತ್ತೋ ಹಂಗಿಲ್ಲ. ಎಲ್ಲಿದೆ, ಕೊಡಿಲ್ಲಿ. ಎಂಥಾ ಹೆಂಗಸೇ ನೀನು, ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಕೈಯಲ್ಲಿ ಒಂದು ಹೊಸ ಗೀರಿಲ್ಲ!"

ಕಲ್ಲಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. ಇನ್ನೊಂದು ಕೈಯಿಂದ ಮಣಿಕಟ್ಟಿನ ಪಟ್ಟಿ ಸರಿಸಿ ಗಾಯ ತೋರಿಸಿದಳು.

"ಒಡೆದಾಗಿದೆ ಅಕ್ಕ."

"ಅದು ಆವತ್ತಿಂದು!"

"ಆವತ್ತು ಒಡ್ಕೊಂಡಿದ್ದು ಯಾರಿಗೆ? ಇವ್ರಿಗೇ ಅಲ್ವ? ಅತ್ತಿದ್ದೂ ಇವ್ರಿಗೇ ಅಲ್ವ? ಒಬ್ಬ ಗಂಡನಿಗೆ ನಾನು ಎಷ್ಟು ಸಲ ಮುಂಡೆ ಆಗ್ಲಿ ಅಕ್ಕ?"

ರುದ್ರಾಣಿ ಆ ಗಾಯವನ್ನು ನೋಡಿದಳು, ಅದನ್ನು ತಾನೇ ನೋಡುತ್ತ ನಿಂತು ಹಣೆ ಒರೆಸಿದ್ದು ನೆನಪಾಯಿತೋ ಏನೋ, ನೋವಿನ ಮಂಡಿ ಮಡಿಸಿ ಕುಸಿದು ಕೂತು ಕಲ್ಲಮ್ಮನನ್ನು ಬಾಚಿ ತಬ್ಬಿಕೊಂಡಳು. "ಬೇಡ ಬಿಡೇ, ಬೇಡ, ಒಂದ್ಸಲ ಸಾಕು" ಅಂದಳು.

ಆಗ ಕಲ್ಲಮ್ಮನಿಗೆ ಅಳು ಬಂತು. ಸುಶೀಲಾ ಸಿಸ್ಟರ್ ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ನಿಂತು, ಒಳಗೆ ಬರಲಿದ್ದವರಿಗೆಲ್ಲ "ಸ್ವಲ್ಪ ಹೊತ್ತು ತಡೀರಿ" ಅಂದರು.